ಮೊಲ ಸಾಕಣೆ ಮತ್ತು ಅಹಿಂಸಾಣುವ್ರತ

ಮೊಲವನ್ನು ಮನೆಯಲ್ಲಿ ಸಾಕಬೇಕೆಂದು ಬಯಸುವವರು ಸಾಮಾನ್ಯವಾಗಿ ಕೇಳುವುದು ಗೂಡು ಎಷ್ಟು ದೊಡ್ಡದಿರಬೇಕು, ಏನು ತಿನ್ನಿಸಬೇಕು, ಮಕ್ಕಳೊಡನೆ ಹೊಂದಿಕೊಳ್ಳುತ್ತದೆಯೇ ಎಂಬಂಥ ಪ್ರಶ್ನೆಗಳನ್ನು. ಇವು ಅಗತ್ಯವಾದವೇ ಆದರೂ ಇವೆಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆಯಿದೆ: ತನ್ನ ಸಂತೋಷಕ್ಕಾಗಿ ಬೇರೊಂದು ಜೀವವನ್ನು ಅಧೀನದಲ್ಲಿ ಇರಿಸಿಕೊಳ್ಳುವುದು ಗೃಹಸ್ಥನಿಗೆ ಸಲ್ಲುತ್ತದೆಯೇ, ಸಲ್ಲುವುದಾದರೆ ಯಾವ ಮಿತಿಯೊಳಗೆ? ಈ ಪ್ರಶ್ನೆಯನ್ನು ಸೂಕ್ಷ್ಮವಾಗಿ ಬಿಡಿಸಿ ನೋಡಿದವರಲ್ಲಿ ಜೈನ ಆಚಾರ್ಯರು ಮುಖ್ಯರು. ಮುನಿಗಳು ಸಂಪೂರ್ಣವಾಗಿ ಪಾಲಿಸುವ ಮಹಾವ್ರತಗಳನ್ನು ಸಂಸಾರದಲ್ಲಿರುವವರು ತಮ್ಮ ಶಕ್ತಿಗೆ ತಕ್ಕಷ್ಟು ಪಾಲಿಸುವ ರೂಪಕ್ಕೆ ಅಣುವ್ರತವೆಂದು ಹೆಸರು. ವ್ರತವನ್ನು ಪೂರ್ತಿಯಾಗಿ ಮುರಿಯದಿದ್ದರೂ ಅದಕ್ಕೆ ಕಲೆ ಹತ್ತಿಸುವ ನಡತೆಗೆ ಅತಿಚಾರವೆಂದು ಹೆಸರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ಹೇಳುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಈ ಐದರಲ್ಲಿ ಬೇಟೆಯಾಗಲಿ ಯುದ್ಧವಾಗಲಿ ಇಲ್ಲ; ಐದೂ ಮನೆಯ ಆಶ್ರಯದಲ್ಲಿ ಬದುಕುವ ದನಕರುಗಳು, ಆಳುಕಾಳುಗಳು ಮುಂತಾದವರೊಡನೆ ಗೃಹಸ್ಥನು ನಡೆದುಕೊಳ್ಳುವ ಬಗೆಗೆ ಸಂಬಂಧಿಸಿದವು. ಅಹಿಂಸೆಯ ವ್ರತವನ್ನು ಹಿಡಿದವನು ಎಡವುವುದು ಹೆಚ್ಚಾಗಿ ತನ್ನ ಮನೆಯೊಳಗೇ ಎಂಬ ತಿಳಿವಳಿಕೆ ಇದರ ಹಿಂದಿದೆ.

ಸಸ್ಯಾಹಾರವನ್ನು ಪಾಲಿಸುವ ಕುಟುಂಬಗಳಿಗೆ ಮೊಲವು ನಿರ್ದೋಷವಾದ ಆಯ್ಕೆಯಾಗಿ ತೋರುವುದು ಸಹಜ. ಬೆಕ್ಕಿಗೆ ಮಾಂಸವಿಲ್ಲದೆ ಬದುಕಿಲ್ಲ, ನಾಯಿಯ ಆಹಾರದ ವಿಚಾರದಲ್ಲಿಯೂ ಇಂತಹ ಮನೆಗಳಲ್ಲಿ ತಕರಾರು ತಪ್ಪುವುದಿಲ್ಲ. ಮೊಲವಾದರೋ ಹುಲ್ಲು ಸೊಪ್ಪುಗಳಲ್ಲಿಯೇ ತೃಪ್ತವಾಗಿರುತ್ತದೆ, ಬೊಗಳುವುದಿಲ್ಲ, ಯಾರನ್ನೂ ಅಟ್ಟಿಸಿಕೊಂಡು ಹೋಗುವುದಿಲ್ಲ. ಆದರೆ ಆಹಾರದ ಹಿಂಸೆಯನ್ನು ತಪ್ಪಿಸುವ ಈ ಪ್ರಾಣಿಯೇ ಬಂಧವೆಂಬ ಮೊದಲನೆಯ ಅತಿಚಾರಕ್ಕೆ ನಾಯಿ ಬೆಕ್ಕು ಹಸುಗಳಿಗಿಂತ ಹೆಚ್ಚಾಗಿ ಎಡೆಮಾಡಿಕೊಡುತ್ತದೆ. ನಾಯಿಯನ್ನು ಬಿಟ್ಟರೆ ಬಾಗಿಲಿಗೆ ಮರಳುತ್ತದೆ, ಬೆಕ್ಕು ಊರೆಲ್ಲ ಸುತ್ತಿ ಹಾಲಿನ ಹೊತ್ತಿಗೆ ಬರುತ್ತದೆ, ಹಸು ಸಂಜೆ ಕೊಟ್ಟಿಗೆಯ ದಾರಿ ಹಿಡಿಯುತ್ತದೆ. ಮೊಲವನ್ನು ಮಾತ್ರ ಕೂಡಿಹಾಕದೆ ಇರಿಸಿಕೊಳ್ಳುವುದು ಹೆಚ್ಚಿನ ಮನೆಗಳಿಗೆ ಸಾಧ್ಯವಾಗುವುದಿಲ್ಲ.

ಬಂಧವೆಂದರೆ ಹಗ್ಗ ಸರಪಳಿಗಳೆಂದಷ್ಟೇ ತಿಳಿಯಬಾರದು. ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ಪೂಜ್ಯಪಾದನು, ಕನ್ನಡನಾಡಿನ ಜೈನ ಪರಂಪರೆಯು ತನ್ನವನೆಂದು ಹೆಮ್ಮೆಯಿಂದ ನೆನೆಯುವ ಆಚಾರ್ಯನು, ಜೀವಿಯು ತಾನು ಹೋಗಬಯಸಿದ ಕಡೆಗೆ ಹೋಗದಂತೆ ತಡೆಯುವುದಕ್ಕೆ ಕಾರಣವಾದದ್ದೇ ಬಂಧವೆಂದು ವಿವರಿಸುತ್ತಾನೆ. ಈ ವಿವರಣೆಯಲ್ಲಿ ಅಳತೆಗೋಲು ಇರುವುದು ಕಟ್ಟುವವನ ಕೈಯಲ್ಲಲ್ಲ, ಕಟ್ಟಿಸಿಕೊಂಡ ಜೀವದ ಬಯಕೆಯಲ್ಲಿ. ಆದ್ದರಿಂದ ಗೂಡು ಸುಂದರವಾಗಿದೆಯೇ ಎಂದು ಕೇಳುವ ಮೊದಲು ಮೊಲವು ಎಲ್ಲಿಗೆ ಹೋಗಬಯಸುತ್ತದೆ ಎಂಬುದನ್ನು ತಿಳಿಯಬೇಕಾಗುತ್ತದೆ.

ಅಂಗಡಿಗಳಲ್ಲಿ ಸಿಗುವ ಸಾಕುಮೊಲಗಳ ಎಲ್ಲ ತಳಿಗಳೂ ಸ್ಪೇನ್ ಮತ್ತು ಪೋರ್ಚುಗಲ್‌ಗಳನ್ನು ಒಳಗೊಂಡ ಐಬೀರಿಯಾ ಪರ್ಯಾಯದ್ವೀಪದ ಮೂಲದ ಯುರೋಪಿಯನ್ ಮೊಲದಿಂದ ಬಂದವು. ಕರ್ನಾಟಕದ ಹೊಲ ಕುರುಚಲುಗಳಲ್ಲಿ ಕಾಣುವ ಕಾಡುಮೊಲವು ಬೇರೆಯೇ ಜಾತಿಯದು. ಅದು ಬಿಲ ತೋಡದೆ ಹುಲ್ಲಿನ ಮರೆಯಲ್ಲಿ ಒಂಟಿಯಾಗಿ ಬದುಕುತ್ತದೆ, ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವುದರಿಂದ ಅದನ್ನು ಹಿಡಿದು ಸಾಕುವುದು ಅಪರಾಧವೂ ಆಗುತ್ತದೆ. ಯುರೋಪಿಯನ್ ಮೊಲದ ಬದುಕು ಗುಂಪಿನದು. ಅದು ನೆಲದಡಿಯಲ್ಲಿ ಕವಲು ಕವಲಾದ ಬಿಲಗಳನ್ನು ತೋಡುತ್ತದೆ, ಮುಂಜಾನೆಯ ಮಬ್ಬಿನಲ್ಲಿಯೂ ಸಂಜೆಯ ಮಬ್ಬಿನಲ್ಲಿಯೂ ಮೇಯಲು ಹೊರಬರುತ್ತದೆ, ಹಿಂಗಾಲುಗಳ ಮೇಲೆ ನೆಟ್ಟಗೆ ನಿಂತು ಸುತ್ತ ನೋಡುತ್ತದೆ, ಅಪಾಯ ಕಂಡರೆ ಹಿಂಗಾಲಿನಿಂದ ನೆಲವನ್ನು ಗಟ್ಟಿಯಾಗಿ ಬಡಿದು ಜೊತೆಯವುಗಳನ್ನು ಎಚ್ಚರಿಸುತ್ತದೆ. ಮನುಷ್ಯನು ಅದರ ಬಣ್ಣವನ್ನೂ ಗಾತ್ರವನ್ನೂ ಕಿವಿಯ ಉದ್ದವನ್ನೂ ಬದಲಿಸಿದ್ದಾನೆ. ತೋಡುವ, ಓಡುವ, ಜೊತೆಯನ್ನು ಬಯಸುವ ಸ್ವಭಾವವು ಮಾತ್ರ ಹೆಚ್ಚು ಬದಲಾಗದೆ ಉಳಿದಿದೆ. ಎರಡು ಹೆಜ್ಜೆಗೆ ಮುಗಿದುಹೋಗುವ ತಂತಿಯ ಗೂಡಿನಲ್ಲಿ ಒಂಟಿಯಾಗಿ ಕುಳಿತ ಮೊಲದ ಬಂಧವು ಹೀಗೆ ಒಂದೇ ಬಗೆಯದಲ್ಲ: ಓಟಕ್ಕೆ ತಡೆಯಿದೆ, ತೋಡುವ ಉಗುರಿಗೆ ಮಣ್ಣಿಲ್ಲ, ಮೈಗೆ ಮೈ ತಾಗಿಸಿ ಮಲಗಲು ಇನ್ನೊಂದು ಮೊಲವಿಲ್ಲ. ನಾಯಿ ಬೆಕ್ಕುಗಳ ಅಂಗಾಲಿನಲ್ಲಿರುವ ಮೆತ್ತನೆಯ ಗದ್ದುಗೆ ಮೊಲಕ್ಕಿಲ್ಲದೆ ಬರಿಯ ರೋಮವಷ್ಟೇ ಇರುವುದರಿಂದ, ತಂತಿಯ ನೆಲದ ಮೇಲೆ ಬಹುಕಾಲ ಇದ್ದರೆ ರೋಮ ಸವೆದು ಪಾದ ಹುಣ್ಣಾಗುತ್ತದೆ.

ಜೈನರ ಒಂದು ಪಂಥವಾದ ಶ್ವೇತಾಂಬರ ಪರಂಪರೆಯ ಟೀಕಾಕಾರರು ಈ ಬಂಧವನ್ನು ಇನ್ನಷ್ಟು ಬಿಡಿಸಿ ಸಾಪೇಕ್ಷ ಮತ್ತು ನಿರಪೇಕ್ಷ ಎಂದು ಎರಡು ಬಗೆ ಮಾಡುತ್ತಾರೆ. ಜೀವದ ಹಿತವನ್ನು ಗಮನಿಸಿ, ಅಗತ್ಯವಿದ್ದಷ್ಟೇ ಕಟ್ಟುವುದು ಸಾಪೇಕ್ಷ. ಅದರ ನೋವು ನಲಿವುಗಳ ಪರಿವೆಯಿಲ್ಲದೆ ಬಿಗಿದು ಕಟ್ಟುವುದು ನಿರಪೇಕ್ಷ. ಕಟ್ಟಲೇಬೇಕಾಗಿ ಬಂದರೆ ಬೆಂಕಿ ಬಿದ್ದಾಗ ಸುಲಭವಾಗಿ ಬಿಚ್ಚಲೋ ಕತ್ತರಿಸಲೋ ಬರುವಂತೆ ಸಡಿಲವಾಗಿ ಗಂಟು ಹಾಕಬೇಕೆಂಬ ವಿವರವೂ ಅವರಲ್ಲಿದೆ. ಇದಕ್ಕಿಂತ ಮುಂದೆ ಹೋಗಿ ಅವರು, ಕಟ್ಟದೆಯೂ ನಿಲ್ಲುವಂತಹ ದ್ವಿಪದ ಚತುಷ್ಪದಗಳನ್ನು, ಎಂದರೆ ಎರಡು ಕಾಲಿನ ಮತ್ತು ನಾಲ್ಕು ಕಾಲಿನ ಜೀವಗಳನ್ನು, ಮಾತ್ರವೇ ಶ್ರಾವಕನಾದ ಗೃಹಸ್ಥನು ಇರಿಸಿಕೊಳ್ಳಬೇಕೆಂದು ಹೇಳುತ್ತಾರೆ. ಸಾಕುಪ್ರಾಣಿಯ ಆಯ್ಕೆಗೆ ಇದಕ್ಕಿಂತ ಸ್ಪಷ್ಟವಾದ ಒರೆಗಲ್ಲು ಸಿಗಲಾರದು. ಮೊಲವನ್ನು ಈ ಒರೆಗೆ ಹಚ್ಚಿದರೆ ಉತ್ತರವು ಮೊಲಕ್ಕಿಂತ ಹೆಚ್ಚಾಗಿ ಮನೆಯನ್ನು ಅವಲಂಬಿಸುತ್ತದೆ. ವಿದ್ಯುತ್ ತಂತಿಗಳನ್ನೆಲ್ಲ ಹಲ್ಲಿಗೆ ಎಟುಕದಂತೆ ಮುಚ್ಚಿ, ಜಾರುವ ನೆಲಕ್ಕೆ ಚಾಪೆ ಹಾಸಿ, ಒಂದು ಕೋಣೆಯನ್ನಾದರೂ ಅದಕ್ಕೆ ಬಿಟ್ಟುಕೊಟ್ಟು, ತೋಡಲು ಮಣ್ಣು ತುಂಬಿದ ತೊಟ್ಟಿಯನ್ನಿಟ್ಟು, ಜೊತೆಗೆ ಇನ್ನೊಂದು ಮೊಲವಿರುವಂತೆ ಏರ್ಪಾಡು ಮಾಡಬಲ್ಲ ಮನೆಯಲ್ಲಿ ಮೊಲವು ಬಹುಮಟ್ಟಿಗೆ ಕಟ್ಟಿಸಿಕೊಳ್ಳದೆಯೇ ನಿಲ್ಲುತ್ತದೆ, ಒಂದೇ ಕಡೆ ಮಲಮೂತ್ರ ಮಾಡುವುದನ್ನೂ ಕಲಿಯುತ್ತದೆ. ಬಾಲ್ಕನಿಯ ಮೂಲೆಯಲ್ಲಿ ಗೂಡಿಗಷ್ಟೇ ಜಾಗವಿರುವ ಮನೆಗೆ ಆ ಒರೆಗಲ್ಲಿನ ಉತ್ತರ ಇಲ್ಲವೆಂದೇ. ಬಿಸಿಲಿನ ವಿಚಾರವೂ ಇಲ್ಲಿ ಸೇರುತ್ತದೆ: ಮೊಲವು ಬೆವರಿ ಮೈ ತಂಪು ಮಾಡಿಕೊಳ್ಳಲಾರದು, ಕಿವಿಗಳ ರಕ್ತನಾಳಗಳ ಮೂಲಕವೇ ಹೆಚ್ಚಾಗಿ ಮೈಯ ಶಾಖವನ್ನು ಹೊರಹಾಕುತ್ತದೆ, ಉಷ್ಣತೆ 30 ಡಿಗ್ರಿ ದಾಟಿತೆಂದರೆ ಅದಕ್ಕೆ ಸಂಕಟ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ರಾಯಚೂರು ಕಲಬುರಗಿಗಳಲ್ಲಿ ನೆರಳು ಗಾಳಿಗಳ ವಿಶೇಷ ಏರ್ಪಾಡಿಲ್ಲದೆ ಮೊಲವನ್ನು ಇರಿಸಿಕೊಳ್ಳುವುದು ಅದನ್ನು ಸಾವಿಗೆ ಒಡ್ಡಿದಂತೆ.

ಜೈನ ಆಗಮಗಳಲ್ಲಿ ಒಂದಾದ ಜ್ಞಾತಾಧರ್ಮಕಥೆಯಲ್ಲಿ ಮೊಲವೊಂದು ಬರುವ ಪ್ರಸಿದ್ಧ ಪ್ರಸಂಗವು ಈ ವಿಚಾರಕ್ಕೆ ಬಹಳ ಹತ್ತಿರವಾದದ್ದು. ಶ್ರೇಣಿಕ ರಾಜನ ಮಗನಾದ ಮೇಘಕುಮಾರನು ಹಿಂದಿನ ಜನ್ಮದಲ್ಲಿ ಆನೆಯಾಗಿದ್ದನು. ಕಾಡಿಗೆ ಬೆಂಕಿ ಹತ್ತಿದಾಗ ಆನೆಯು ಮೊದಲೇ ಗಿಡಮರಗಳನ್ನು ಕಿತ್ತು ಬಯಲು ಮಾಡಿದ್ದ ಜಾಗದಲ್ಲಿ ಕಾಡಿನ ಪ್ರಾಣಿಗಳೆಲ್ಲ ಕಿಕ್ಕಿರಿದು ಸೇರುತ್ತವೆ. ಮೈ ತುರಿಸಿಕೊಳ್ಳಲು ಆನೆಯು ಒಂದು ಕಾಲನ್ನು ಎತ್ತಿದ ಗಳಿಗೆಯಲ್ಲಿ ಆ ತೆರವಿಗೆ ಒಂದು ಮೊಲ ಬಂದು ನಿಲ್ಲುತ್ತದೆ. ಕಾಲನ್ನು ಇಳಿಸಿದರೆ ಅದು ಜಜ್ಜಿಹೋಗುತ್ತದೆಂದು ತಿಳಿದ ಆನೆಯು ಬೆಂಕಿ ಆರುವವರೆಗೆ ಎರಡೂವರೆ ದಿನ ಎತ್ತಿದ ಕಾಲನ್ನು ಎತ್ತಿದಂತೆಯೇ ಹಿಡಿದು ನಿಲ್ಲುತ್ತದೆ, ಮೊಲ ಹೊರಟುಹೋದ ಮೇಲೆ ಕಾಲೂರಲಾರದೆ ಕುಸಿದು ಕೊನೆಗೆ ಪ್ರಾಣ ಬಿಡುತ್ತದೆ. ಆ ದಯೆಯ ಫಲವಾಗಿ ಅದಕ್ಕೆ ಮನುಷ್ಯಜನ್ಮ ಒದಗಿತೆಂದು ಮಹಾವೀರನು ಮೇಘಕುಮಾರನಿಗೆ ತಿಳಿಸುವುದಾಗಿ ಕಥೆಯಿದೆ. ಈ ಪ್ರಸಂಗವನ್ನು ತ್ಯಾಗದ ನಿದರ್ಶನವಾಗಿ ಹೇಳುವುದು ರೂಢಿ. ಆದರೆ ಆನೆಯು ಮೊಲಕ್ಕೆ ಏನನ್ನು ಕೊಟ್ಟಿತು ಎಂದು ನೋಡಿದರೆ ಅದು ಒಂದು ಹೆಜ್ಜೆಯಷ್ಟು ಜಾಗವನ್ನು ಮಾತ್ರ. ಅದು ಮೊಲವನ್ನು ಸೊಂಡಿಲಿನಿಂದ ಎತ್ತಿಕೊಳ್ಳಲಿಲ್ಲ, ಮುದ್ದಿಸಲಿಲ್ಲ, ಬೆಂಕಿ ಆರಿದ ಮೇಲೆ ತನ್ನ ಬಳಿಯೇ ಉಳಿಯಬೇಕೆಂದು ಬಯಸಲೂ ಇಲ್ಲ. ತನ್ನ ಅನುಕೂಲವನ್ನು ಕಿರಿದುಗೊಳಿಸಿ ಇನ್ನೊಂದು ಜೀವಕ್ಕೆ ಎಡೆ ಮಾಡುವುದನ್ನು ಆಗಮವು ದಯೆಯೆಂದು ತೋರಿಸುತ್ತದೆ. ಇಂದು ಸಾಕುವವರು ಪ್ರೀತಿಯೆಂದು ಕರೆಯುವುದರಲ್ಲಿ ಹೆಚ್ಚಿನ ಪಾಲು ಇದಕ್ಕೆ ತಿರುಗುಮುರುಗಾದದ್ದು. ಅಲ್ಲಿ ಎಡೆ ಕಿರಿದಾಗುವುದು ಮೊಲದ್ದು.

ಎತ್ತಿಕೊಳ್ಳುವ ವಿಚಾರವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಮೊಲವು ಬೇಟೆಗೆ ಗುರಿಯಾಗುತ್ತ ಬಂದ ಪ್ರಾಣಿ. ನೆಲದಿಂದ ಮೇಲೆತ್ತಿದೊಡನೆ ಗಿಡುಗವೋ ನರಿಯೋ ಹಿಡಿಯಿತೆಂಬ ಭಯವೇ ಅದರ ಮೈಯಲ್ಲಿ ಏಳುತ್ತದೆ. ಅದರ ಎಲುಬುಗಳು ಮೈತೂಕಕ್ಕೆ ಹೋಲಿಸಿದರೆ ಬಹಳ ಹಗುರ, ಹಿಂಗಾಲುಗಳ ಸ್ನಾಯುಗಳಾದರೋ ಬಹಳ ಬಲವಾದವು. ಹಿಂಭಾಗಕ್ಕೆ ಆಸರೆಯಿಲ್ಲದೆ ಎತ್ತಿದಾಗ ಗಾಬರಿಯಿಂದ ಒದ್ದುಕೊಂಡರೆ ತನ್ನ ಬಲದಿಂದಲೇ ತನ್ನ ಬೆನ್ನೆಲುಬನ್ನು ಮುರಿದುಕೊಳ್ಳಬಹುದು. ಅಂಗಾತ ಮಲಗಿಸಿದಾಗ ಮೊಲವು ಕಣ್ಣು ತೆರೆದು, ಕೈಕಾಲು ಸಡಿಲಿಸಿ, ಅಲುಗದೆ ಬಿದ್ದುಕೊಳ್ಳುತ್ತದೆ. ನೋಡುವವರು ಅದು ಸುಖದಿಂದ ಮೈಮರೆತಿದೆಯೆಂದು ಮಕ್ಕಳಿಗೆ ತೋರಿಸಿ ನಗುತ್ತಾರೆ. ವಾಸ್ತವವಾಗಿ ಅದು ಶತ್ರುವಿನ ಹಿಡಿತಕ್ಕೆ ಸಿಕ್ಕ ಪ್ರಾಣಿಯು ಸತ್ತಂತೆ ನಿಶ್ಚಲವಾಗುವ ಭಯದ ಸ್ಥಿತಿ. ತತ್ತ್ವಾರ್ಥಸೂತ್ರವು ಹಿಂಸೆಯನ್ನು ಪ್ರಮಾದದಿಂದ, ಎಂದರೆ ಎಚ್ಚರಗೇಡಿನಿಂದ ಕೂಡಿದ ಪ್ರವೃತ್ತಿಯು ಪ್ರಾಣಗಳಿಗೆ ಮಾಡುವ ಘಾತವೆಂದು ನಿರೂಪಿಸುತ್ತದೆ. ಜೈನರ ಲೆಕ್ಕದಲ್ಲಿ ಪ್ರಾಣಗಳು ಹತ್ತು: ಐದು ಇಂದ್ರಿಯಗಳು, ಮನಸ್ಸು ಮಾತು ಮತ್ತು ಕಾಯಗಳ ಮೂರು ಬಲಗಳು, ಉಸಿರಾಟ, ಆಯುಷ್ಯ. ಆದ್ದರಿಂದ ಕೊಲ್ಲದಿದ್ದರೂ ಕಾಯಬಲಕ್ಕೆ ತಂದ ಕುಂದು ಹಿಂಸೆಯೇ ಆಗುತ್ತದೆ. ಹಿಂಸಿಸುವ ಉದ್ದೇಶವಿರಲಿಲ್ಲವೆಂಬ ಸಮಾಧಾನವೂ ಇಲ್ಲಿ ಸಾಲದು, ಏಕೆಂದರೆ ತಿಳಿದುಕೊಳ್ಳಬಹುದಾಗಿದ್ದನ್ನು ತಿಳಿದುಕೊಳ್ಳದೆ ಇದ್ದುದೇ ಪ್ರಮಾದ. ಹೊಡೆತವೆಂಬ ವಧ, ತಾಳಲಾರದಷ್ಟು ಹೊರೆ ಹೇರುವ ಅತಿಭಾರಾರೋಪಣ ಎಂಬ ಎರಡು ಅತಿಚಾರಗಳು ಮೊಲದ ಮಟ್ಟಿಗೆ ಹೆಚ್ಚಾಗಿ ಬರುವುದು ಮಕ್ಕಳ ಕೈಯ ಮೂಲಕ. ಚಿಕ್ಕ ಮಗುವಿಗೆ ಆಟಕ್ಕೆಂದು ಮೊಲವನ್ನು ತಂದುಕೊಡುವ ತಂದೆತಾಯಿಗಳು ಮಗುವಿಗೂ ಮೊಲಕ್ಕೂ ಹಿತವಲ್ಲದ್ದನ್ನು ಮಾಡುತ್ತಾರೆಂದು ನಿಸ್ಸಂಕೋಚವಾಗಿ ಹೇಳಬೇಕು.

ಅನ್ನಪಾನನಿರೋಧವೆಂದರೆ ಹಸಿವು ಬಾಯಾರಿಕೆಗಳ ಬಾಧೆಯನ್ನು ಉಂಟುಮಾಡುವುದು. ಉಪವಾಸವನ್ನು ತಪಸ್ಸೆಂದು ಗೌರವಿಸುವ ಪರಂಪರೆಯೇ ಆಶ್ರಿತರ ಊಟವನ್ನು ತಡೆಯುವುದನ್ನು ದೋಷವೆಂದು ಎಣಿಸಿರುವುದು ಅರ್ಥಪೂರ್ಣವಾಗಿದೆ. ತಾನಾಗಿ ಕೈಗೊಂಡ ಉಪವಾಸಕ್ಕೂ ಇನ್ನೊಬ್ಬರು ಹೇರಿದ ಹಸಿವಿಗೂ ನಂಟೇ ಇಲ್ಲ. ಮೊಲದ ಕರುಳು ಸದಾ ಚಲಿಸುತ್ತಿರಬೇಕಾದ ಅಂಗ, ಅರ್ಧ ದಿನ ಅದು ಏನೂ ತಿನ್ನದೆ ಇದ್ದರೆ ಕರುಳಿನ ಚಲನೆ ನಿಂತು ಪ್ರಾಣಕ್ಕೆ ಕುತ್ತು ಬರಬಹುದು; ಬೆಳಿಗ್ಗೆ ಬೀಗ ಹಾಕಿ ರಾತ್ರಿ ಮರಳುವ ಮನೆಯಲ್ಲಿ ಇದು ಯಾರ ಗಮನಕ್ಕೂ ಬಾರದೆ ನಡೆದುಹೋಗುತ್ತದೆ. ತಪ್ಪು ಆಹಾರವನ್ನು ತುಂಬಿಸುವುದೂ ನಿರೋಧದ ಇನ್ನೊಂದು ರೂಪವೆಂದು ತಿಳಿಯಬೇಕು. ಚಿತ್ರಪುಸ್ತಕಗಳು ಮೊಲದ ಕೈಗೆ ಗಜ್ಜರಿಯನ್ನು ಕೊಟ್ಟಿರುವುದರಿಂದ ಜನರೂ ಅದನ್ನೇ ತಿನ್ನಿಸುತ್ತಾರೆ. ಸಕ್ಕರೆಯ ಅಂಶ ಹೆಚ್ಚಿರುವ ಗಜ್ಜರಿಯಾಗಲಿ ಹಣ್ಣಾಗಲಿ ಅದಕ್ಕೆ ಅಪರೂಪದ ತಿನಿಸಾಗಿರಬೇಕೇ ಹೊರತು ಊಟವಾಗಬಾರದು, ಬ್ರೆಡ್ಡು ಬಿಸ್ಕತ್ತುಗಳಂತೂ ಕೂಡದು. ಅದರ ಊಟದ ಬಹುಪಾಲು ನಾರು ಹೆಚ್ಚಿರುವ ಹುಲ್ಲು ಮತ್ತು ಒಣಹುಲ್ಲು. ಹಲ್ಲುಗಳು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುವುದರಿಂದ ಹುಲ್ಲನ್ನು ಅರೆಯುತ್ತ ಅವುಗಳನ್ನು ಸವೆಸದಿದ್ದರೆ ಅವು ಡೊಂಕಾಗಿ ಬೆಳೆದು ಬಾಯಿಯನ್ನೇ ಚುಚ್ಚಿ, ಮುಂದೆ ಆಹಾರವಿದ್ದರೂ ತಿನ್ನಲಾರದ ಸ್ಥಿತಿ ಬರುತ್ತದೆ. ಮೊಲವು ಎರಡು ಬಗೆಯ ಹಿಕ್ಕೆ ಹಾಕುತ್ತದೆ: ಒಂದು ಒಣಗಿದ ಗುಂಡು ಹಿಕ್ಕೆ, ಇನ್ನೊಂದು ದ್ರಾಕ್ಷಿಗೊಂಚಲಿನಂತೆ ಅಂಟಿಕೊಂಡಿರುವ ಮೆತ್ತನೆಯ, ಹೊಳೆಯುವ ಹಿಕ್ಕೆ. ಈ ಎರಡನೆಯದನ್ನು ಅದು ತಲೆ ಬಗ್ಗಿಸಿ ನೇರವಾಗಿ ಗುದದಿಂದಲೇ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ಒಂದು ಸಲಕ್ಕೆ ಜೀರ್ಣವಾಗದ ಹುಲ್ಲಿನಿಂದ ಪೋಷಕಾಂಶಗಳನ್ನು ಎರಡನೆಯ ಸಲ ಪಡೆಯುವ ಬಗೆಯಿದು. ಕಂಡವರು ಅಸಹ್ಯಪಟ್ಟು ಇದನ್ನು ತಡೆದರೆ ಅದೂ ಅನ್ನಕ್ಕೆ ಒಡ್ಡಿದ ತಡೆಯೇ. ಶೌಚ ಅಶೌಚಗಳ ಕಲ್ಪನೆ ಬಿಗಿಯಾಗಿರುವ ಮನೆಗಳು ಮೊಲವನ್ನು ತರುವ ಮುನ್ನ ಇದನ್ನು ಒಪ್ಪಿಕೊಳ್ಳಬಲ್ಲೆವೇ ಎಂದು ಯೋಚಿಸುವುದು ಒಳ್ಳೆಯದು.

ಐದರಲ್ಲಿ ಅತ್ಯಂತ ತೊಡಕಿನದು ಛೇದ, ಎಂದರೆ ಅವಯವವನ್ನು ಕತ್ತರಿಸುವುದು. ಹೆಣ್ಣು ಮೊಲವು ನಾಲ್ಕಾರು ತಿಂಗಳಿಗೆಲ್ಲ ಪ್ರಾಯಕ್ಕೆ ಬರುತ್ತದೆ, ಗರ್ಭದ ಅವಧಿ ಸುಮಾರು 31 ದಿನ, ಮರಿ ಹಾಕಿದ ಬೆನ್ನಲ್ಲೇ ಮತ್ತೆ ಗರ್ಭ ಧರಿಸಬಲ್ಲದು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಹೆಣ್ಣು ಮೊಲಗಳಲ್ಲಿ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ. ಗಂಡುಗಳು ಒಂದನ್ನೊಂದು ಗಾಯವಾಗುವಷ್ಟು ಕಚ್ಚಾಡುತ್ತವೆ. ಒಂಟಿಯಾಗಿ ಇರಿಸಿದರೆ ಬಂಧ, ಜೋಡಿಯಾಗಿ ಇರಿಸಿದರೆ ಲೆಕ್ಕವಿಲ್ಲದಷ್ಟು ಮರಿಗಳು, ಎರಡನ್ನೂ ತಪ್ಪಿಸಲು ಹೊರಟರೆ ಛೇದ ಎಂಬ ಇಕ್ಕಟ್ಟು ಇಲ್ಲಿ ಎದುರಾಗುತ್ತದೆ. ಹಿಂದೆ ಹೇಳಿದ ಟೀಕಾಕಾರರು ಇಲ್ಲಿಯೂ ಸಾಪೇಕ್ಷ ನಿರಪೇಕ್ಷಗಳ ಭೇದವನ್ನೇ ಬಳಸಿ, ನಿರ್ದಯೆಯಿಂದ ಕಿವಿ ಮೂಗುಗಳನ್ನು ಕತ್ತರಿಸುವುದು ದೋಷವೆಂದೂ, ಗಡ್ಡೆ ಹುಣ್ಣುಗಳನ್ನು ವಾಸಿ ಮಾಡಲು ಕತ್ತರಿಸುವುದು ಅಂತಹ ದೋಷವಲ್ಲವೆಂದೂ ಹೇಳಿದ್ದಾರೆ. ಪಶುವೈದ್ಯರು ಅರಿವಳಿಕೆ ಕೊಟ್ಟು ಮಾಡುವ ಸಂತಾನಹರಣವನ್ನು, ಮುಂದಿನ ರೋಗವನ್ನೂ ಅನಾಥ ಮರಿಗಳ ಹುಟ್ಟನ್ನೂ ತಡೆಯುವುದರಿಂದ, ಈ ಎರಡನೆಯ ವರ್ಗಕ್ಕೆ ಸೇರಿಸುವುದು ಉಚಿತವೆಂದು ತೋರುತ್ತದೆ. ಆದರೂ ಹುಣ್ಣು ಮೊಲಕ್ಕೆ ದೈವವಶದಿಂದ ಬಂದದ್ದು, ಈ ಶಸ್ತ್ರಕ್ರಿಯೆಯ ಅಗತ್ಯ ಬಂದದ್ದು ಸಾಕುವವನ ಇಚ್ಛೆಯಿಂದ. ಎರಡೂ ಪೂರ್ತಿಯಾಗಿ ಸಮವಲ್ಲ ಎಂಬ ಸಂಕೋಚವು ಉಳಿಯುತ್ತದೆ ಮತ್ತು ಉಳಿಯಬೇಕು. ಶಸ್ತ್ರಕ್ರಿಯೆಯನ್ನು ಒಪ್ಪಲು ಮನಸ್ಸಿಲ್ಲದವರು ಮೊಲವನ್ನು ತಾರದೆ ಇರುವುದೇ ಸರಿಯಾದ ದಾರಿ.

ಮನೆಯೊಳಗಿನ ಐದು ಅತಿಚಾರಗಳಿಂದ ಹೊರಗೆ ಬಂದರೆ ಅಂಗಡಿಯ ಪ್ರಶ್ನೆಯಿದೆ. ಜೈನ ನೀತಿಯಲ್ಲಿ ಹಿಂಸೆಯು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆ: ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಇತರರು ಮಾಡಿದ್ದಕ್ಕೆ ಒಪ್ಪಿಗೆಯಿತ್ತದ್ದು. ತಾಯಿಯ ಹಾಲು ಬಿಡುವ ಮೊದಲೇ ಬೇರ್ಪಡಿಸಿ, ಬಿದಿರಬುಟ್ಟಿಯಲ್ಲೋ ಇಕ್ಕಟ್ಟಾದ ಪಂಜರದಲ್ಲೋ ತುಂಬಿಸಿ ಮಾರುವ ಮರಿಯನ್ನು ಕನಿಕರದಿಂದಲೇ ಕೊಂಡರೂ, ತೆರವಾದ ಆ ಜಾಗಕ್ಕೆ ಇನ್ನೊಂದು ಮರಿ ಬರುತ್ತದೆ. ಕೊಂಡವನ ಹಣವೇ ಅದನ್ನು ತರಿಸುತ್ತದೆ. ಹನ್ನೆರಡನೆಯ ಶತಮಾನದ ಹೇಮಚಂದ್ರನು ತನ್ನ ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ವೃತ್ತಿಗಳನ್ನು ಹೇಳುವಾಗ ಗಿಳಿ, ಗೊರವಂಕ, ಬೆಕ್ಕು, ನಾಯಿ, ಕೋಳಿ, ನವಿಲುಗಳನ್ನು ಹಣಕ್ಕಾಗಿ ಸಾಕುವುದನ್ನೂ ಆ ಪಟ್ಟಿಗೆ ಸೇರಿಸಿದ್ದಾನೆ. ಬೆಕ್ಕು ನಾಯಿಗಳು ಹಿಂಸಕ ಪ್ರಾಣಿಗಳಾದ್ದರಿಂದ ನಿಷೇಧವೆಂದು ಊಹಿಸಬಹುದಾಗಿತ್ತು. ಗಿಳಿ ಗೊರವಂಕಗಳೂ ಅಲ್ಲಿರುವುದರಿಂದ ಆಕ್ಷೇಪವು ಆ ವ್ಯಾಪಾರದ ಬಗೆಗೇ ಇದೆಯೆಂಬುದು ಸ್ಪಷ್ಟ. ಆ ಸಾಲಿನಲ್ಲಿ ಮೊಲದ ಹೆಸರಿಲ್ಲದಿದ್ದರೂ ನ್ಯಾಯ ಒಂದೇ.

ಪ್ರೀತಿಯು ಈ ದೋಷಗಳನ್ನೆಲ್ಲ ತೊಳೆಯುತ್ತದೆ ಎಂಬ ವಾದವು ಜನಪ್ರಿಯವಾದದ್ದು. ಕನ್ನಡದಲ್ಲಿ 1209ರ ಸುಮಾರಿಗೆ ರಚಿತವಾದ ಜನ್ನನ ಯಶೋಧರ ಚರಿತೆಯು ಈ ವಾದಕ್ಕೆ ಒಂದು ಕಠಿಣವಾದ ಉತ್ತರವನ್ನು ಒಳಗೊಂಡಿದೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಗಾಗಿ, ಎಂದರೆ ಮನಸ್ಸಿನಲ್ಲಿ ನಡೆದ ಕೊಲೆಗಾಗಿ, ಯಶೋಧರ ರಾಜನೂ ಅವನ ತಾಯಿ ಚಂದ್ರಮತಿಯೂ ಮರುಜನ್ಮದಲ್ಲಿ ನವಿಲೂ ನಾಯಿಯೂ ಆಗಿ ಹುಟ್ಟಿ, ಕಾಣಿಕೆಯ ರೂಪದಲ್ಲಿ ಯಶೋಧರನ ಮಗನ ಅರಮನೆಗೇ ಬಂದು ಸೇರುತ್ತಾರೆ. ಮಗನಿಗೆ ಆ ಸಾಕುಪ್ರಾಣಿಗಳು ಅಚ್ಚುಮೆಚ್ಚಿನವು. ತನ್ನ ತಂದೆಯನ್ನೂ ಅಜ್ಜಿಯನ್ನೂ ತಾನು ವಿನೋದಕ್ಕಾಗಿ ಇರಿಸಿಕೊಂಡಿದ್ದೇನೆಂಬ ಅರಿವು ಮಾತ್ರ ಅವನಿಗಿಲ್ಲ. ಆ ಮೆಚ್ಚುಗೆ ನವಿಲನ್ನೂ ಉಳಿಸುವುದಿಲ್ಲ, ನಾಯಿಯನ್ನೂ ಉಳಿಸುವುದಿಲ್ಲ. ಪುನರ್ಜನ್ಮದ ನಂಬಿಕೆ ಇಲ್ಲದವರಿಗೂ ಕಾವ್ಯದ ಈ ಸನ್ನಿವೇಶದಲ್ಲಿ ವಿಚಾರಕ್ಕೆ ಎಡೆಯಿದೆ: ಮುದ್ದಿನ ಪ್ರಾಣಿಯೊಳಗೆ ತನ್ನಷ್ಟೇ ಪೂರ್ಣವಾದ, ತನ್ನದೇ ಚರಿತ್ರೆಯುಳ್ಳ ಒಂದು ಜೀವವಿದೆಯೆಂದು ಒಪ್ಪದ ಪ್ರೀತಿಯು ಪರಿಗ್ರಹವಾಗುತ್ತದೆ. ಪರಿಗ್ರಹವೆಂದರೆ ಇದು ನನ್ನದು ಎಂಬ ಮಮಕಾರ. ತತ್ತ್ವಾರ್ಥಸೂತ್ರವು ಅದನ್ನು ಮೂರ್ಛೆಯೆಂದೇ ಕರೆದಿದೆ.

ಭಾರತದ ಕಾನೂನು ಕೂಡ ಧರ್ಮಶಾಸ್ತ್ರದ ಭಾಷೆಯನ್ನು ಬಳಸದೆಯೇ ಇದೇ ನೆಲೆಗೆ ಬಂದಿದೆ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಗಟ್ಟುವ 1960ರ ಕಾಯಿದೆಯು, ಚಲನೆಗೆ ಸಾಕಷ್ಟು ಎತ್ತರ ಉದ್ದ ಅಗಲಗಳಿಲ್ಲದ ಪಂಜರದಲ್ಲಿ ಇಡುವುದನ್ನೂ, ಒಡೆಯನಾದವನು ಸಾಕಷ್ಟು ಅನ್ನ ನೀರು ಆಸರೆಗಳನ್ನು ಕೊಡದಿರುವುದನ್ನೂ, ಹಸಿವು ಬಾಯಾರಿಕೆಗಳಿಂದ ನರಳುವಂತೆ ಬಿಟ್ಟುಹೋಗುವುದನ್ನೂ ಅಪರಾಧವೆಂದು ಎಣಿಸುತ್ತದೆ. ಈ ಕೊನೆಯದು ಮೊಲದ ವಿಚಾರದಲ್ಲಿ ಮುಖ್ಯವಾದದ್ದು. ಸರಿಯಾಗಿ ನೋಡಿಕೊಂಡರೆ ಸಾಕುಮೊಲವು ಎಂಟರಿಂದ ಹನ್ನೆರಡು ವರ್ಷ ಬದುಕುತ್ತದೆ. ಮೂರನೆಯ ತರಗತಿಯ ಮಗುವಿಗಾಗಿ ತಂದ ಮೊಲವು ಆ ಮಗು ಕಾಲೇಜಿಗೆ ಹೊರಡುವಾಗಲೂ ಮನೆಯಲ್ಲಿರುತ್ತದೆ. ಬೇಸರ ಬಂದಾಗ ತೋಟಕ್ಕೋ ಕಾಡಂಚಿಗೋ ಒಯ್ದು ಬಿಡುಗಡೆ ಮಾಡಿದೆವೆಂದು ಹೇಳುವವರು ಅದನ್ನು ಬೀದಿನಾಯಿ, ಮುಂಗುಸಿ, ಹದ್ದುಗಳಿಗೆ ಒಪ್ಪಿಸಿ ಬಂದಿರುತ್ತಾರೆ. ತಲೆಮಾರುಗಳಿಂದ ಮನುಷ್ಯನ ಕೈಯಲ್ಲಿ ಬೆಳೆದ ಬಿಳಿಯ ಮೈಯ ಪ್ರಾಣಿಗೆ ಅಲ್ಲಿ ಅಡಗುವ ಬಣ್ಣವೂ ಇಲ್ಲ, ಗುಂಪು ತೋಡಿಟ್ಟ ಬಿಲವೂ ಇಲ್ಲ. ಬಂಧವನ್ನು ಬಿಚ್ಚುವುದರಿಂದಲೇ ಅಹಿಂಸೆ ಸಿದ್ಧಿಸುವುದಿಲ್ಲ ಎಂಬುದು ಇಲ್ಲಿ ಕಾಣುತ್ತದೆ.

ಹಾಗೆಂದು ಮೊಲವನ್ನು ಸಾಕುವುದೇ ಎಲ್ಲ ಸಂದರ್ಭಗಳಲ್ಲಿಯೂ ದೋಷವೆಂದು ತೀರ್ಮಾನಿಸಬೇಕಾಗಿಲ್ಲ. ಯಾರೋ ತಂದು ಬೇಡವೆಂದು ಬಿಟ್ಟ ಮೊಲಗಳು ನಗರಗಳಲ್ಲಿ ಇರುತ್ತವೆ. ಅವುಗಳಿಗೆ ಕಾಡೂ ಇಲ್ಲ, ಮನೆಯೂ ಇಲ್ಲ. ಅಂತಹ ಒಂದನ್ನು ತರುವವನು ಹೊಸ ಬಂಧಕ್ಕೆ ಕಾರಣನಾಗದೆ ಆಗಿಹೋದ ಬಂಧವನ್ನು ಸಡಿಲಗೊಳಿಸುತ್ತಾನೆ. 1834ರಲ್ಲಿ ಸ್ಥಾಪಿತವಾದ ಮುಂಬಯಿಯದೂ ಸೇರಿದಂತೆ, ಮುದಿಯಾದ ಮತ್ತು ರೋಗಪೀಡಿತವಾದ ಪಶುಗಳಿಗಾಗಿ ಜೈನರು ಬಹುಕಾಲದಿಂದ ಪೋಷಿಸಿಕೊಂಡು ಬಂದ ಪಾಂಜರಾಪೋಳಗಳ ಹಿಂದಿರುವ ಜೀವದಯೆಗೂ ಇದು ಹೊಂದುತ್ತದೆ. ಆದರೆ ಇಲ್ಲಿಯೂ ಏರ್ಪಾಡು ಮೊದಲು, ಮೊಲ ಆಮೇಲೆ. ನಾಯಿ ಬೆಕ್ಕುಗಳಿಗೆ ಚಿಕಿತ್ಸೆ ಮಾಡುವ ಎಲ್ಲ ಪಶುವೈದ್ಯರಿಗೂ ಮೊಲದ ಚಿಕಿತ್ಸೆಯ ಅನುಭವವಿರುವುದಿಲ್ಲ, ನೋವನ್ನು ಅಡಗಿಸಿಕೊಳ್ಳುವ ಈ ಪ್ರಾಣಿಯ ರೋಗವಾದರೋ ಕಾಣಿಸಿಕೊಳ್ಳುವ ವೇಳೆಗೆ ಮುಂದುವರಿದಿರುತ್ತದೆ. ಆದ್ದರಿಂದ ಅನುಭವವುಳ್ಳ ವೈದ್ಯರು ಊರಿನಲ್ಲಿ ಇದ್ದಾರೆಯೇ ಎಂದು ಮೊದಲೇ ಹುಡುಕಿ ತಿಳಿದಿರಬೇಕು. ಮನೆಯವರು ಹಬ್ಬಕ್ಕೋ ಯಾತ್ರೆಗೋ ಊರಿಗೆ ಹೋದಾಗ ದಿನಕ್ಕೆರಡು ಬಾರಿ ಬಂದು ಹುಲ್ಲು ನೀರು ನೋಡುವವರು ಯಾರೆಂಬುದು ನಿಶ್ಚಯವಾಗಿರಬೇಕು. ಮನೆಯ ಹಿರಿಯರಲ್ಲಿ ಒಬ್ಬರಾದರೂ ಮೊಲದ ಹೊಣೆ ತಮ್ಮದೇ ಎಂದು ಒಪ್ಪಿಕೊಂಡಿರಬೇಕು, ಏಕೆಂದರೆ ಮಗುವಿನ ಮಾತಿನ ಮೇಲೆ ಹತ್ತು ವರ್ಷದ ಹೊಣೆಯನ್ನು ಹೊರಿಸಲಾಗದು. ಈಗಾಗಲೇ ಒಂದು ಮೊಲವಿದ್ದರೆ ಎರಡನೆಯದನ್ನು ಒಮ್ಮೆಲೇ ಅದರ ಜಾಗಕ್ಕೆ ಬಿಡದೆ, ಎರಡಕ್ಕೂ ಸಂತಾನಹರಣ ಮಾಡಿಸಿ, ನಡುವೆ ಜಾಲರಿಯಿಟ್ಟು, ಒಂದರ ವಾಸನೆ ಇನ್ನೊಂದಕ್ಕೆ ರೂಢಿಯಾಗುವವರೆಗೆ ಕೆಲವು ವಾರ ಕಾಯಬೇಕಾಗುತ್ತದೆ.